ಬೆಳಿಗ್ಗೆ ಸ್ಟಾರ್ಟ್, ಸಂಜೆ ‘ಟಕ್’

ನಮ್ಮನೆ ಮಾರುತಿ 800 ಗಾಡಿ 1997ರ ಮಾಡೆಲ್. ಅಪ್ಪಯ್ಯ ಒಂದು ವರ್ಷ ಅಡಿಕೆ ಮಾರಿದ ದುಡ್ಡಿನಲ್ಲಿ ತಂದದ್ದು, ಅದೂ ಸೆಕೆಂಡ್ ಹ್ಯಾಂಡ್. ಕುಪ್ಪಗಡ್ಡೆಯ ನಮ್ಮ ಅಂಗಳಕ್ಕೆ ಅದು ಬಂದಾಗ ನಾವಿಬ್ಬರು ಅಣ್ಣತಮ್ಮಂದಿರು ಇನ್ನೂ ಶಾಲೆಗೆ ಹೋಗುತ್ತಿದ್ದೆವು. 1983ರಲ್ಲಿ ರಸ್ತೆಗಿಳಿದ ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತುಹೋಯಿತು. ನಮ್ಮದು ಮಾತ್ರ ಇನ್ನೂ ಓಡುತ್ತಿದೆ. ಆದರೆ ನಡುವೆ ಎರಡು ವರ್ಷ, ಅದಕ್ಕೆ ಮನಸ್ಸು ಬಂದಾಗ ಮಾತ್ರ ಓಡುತ್ತಿತ್ತು.

ಬೆಳಿಗ್ಗೆ ಹಾಲು ಡೈರಿಗೆ ಹೊರಟರೆ ಒಂದೇ ಸಲಕ್ಕೆ ಸ್ಟಾರ್ಟ್. ಸಂಜೆ ಸೊರಬದ ಪೇಟೆಯಲ್ಲಿ ಸಾಮಾನು ತುಂಬಿ ಕೀ ತಿರುಗಿಸಿದರೆ ಬರೀ ‘ಟಕ್’. ಲೈಟ್ ಉರಿಯುತ್ತದೆ, ಹಾರ್ನ್ ಕೂಗುತ್ತದೆ, ಸೆಲ್ಫ್ ಮಾತ್ರ ತಿರುಗುವುದಿಲ್ಲ. ನಾಲ್ಕು ಜನ ತಳ್ಳಿ, ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟರೆ ಬುರ್ರೆಂದು ಹೊರಡುತ್ತದೆ. ಗ್ಯಾರೇಜಿಗೆ ಒಯ್ದರೆ ಹತ್ತಕ್ಕೆ ಹತ್ತು ಸಲವೂ ಸ್ಟಾರ್ಟ್! ಡಾಕ್ಟರ ಬಾಗಿಲು ಮುಟ್ಟಿದ ಕೂಡಲೇ ಮಾಯವಾಗುವ ಹಲ್ಲುನೋವಿನ ಹಾಗೆ.

ಮೊದಲು ಬ್ಯಾಟರಿ ಬದಲಾಯಿಸಿದೆವು. ಒಂದು ತಿಂಗಳು ಸುಮ್ಮನಿತ್ತು, ಆಮೇಲೆ ಅದೇ ಟಕ್. ಸೆಲ್ಫ್ ಮೋಟರ್ ಬಿಚ್ಚಿಸಿ ಕಾರ್ಬನ್ ಹಾಕಿಸಿದೆವು. ಇದರ ನಡುವೆ ಆಕ್ಸಿಲರೇಟರ್ ಕೇಬಲ್ ಎರಡು ಸಲ ಬಿಗಿದುಕೊಂಡು ಹೊಸದು ಹಾಕಿಸಬೇಕಾಯಿತು. ಅದು ಬೇರೆಯೇ ರಗಳೆ ಅಂದುಕೊಂಡಿದ್ದೆವು.

ಆಷಾಢದ ಒಂದು ರಾತ್ರಿ ಅಮ್ಮನಿಗೆ ಎದೆನೋವು ಬಂತು. ಹೊರಗೆ ಧೋ ಎಂದು ಮಳೆ, ಕರೆಂಟಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಕೀ ತಿರುಗಿಸಿದರೆ, ಟಕ್. ಮತ್ತೆ ಟಕ್. ನಾವು ಕೆಸರಿನಲ್ಲಿ ಜಾರಿಕೊಂಡೇ ತಳ್ಳಿದೆವು. ಆಚೆಮನೆಯವರು ಲುಂಗಿ ಎತ್ತಿ ಕಟ್ಟಿ ಓಡಿಬಂದು ಕೈ ಹಾಕಿದ ಮೇಲೆ ಗಾಡಿ ಹೊರಟಿತು. ಅಮ್ಮ ನಾಲ್ಕು ದಿನಕ್ಕೆ ಮನೆಗೆ ಬಂದರು. ಬಂದ ದಿನವೇ ಅಪ್ಪಯ್ಯ, “ಇದನ್ನ ಗುಜರಿಗೆ ಹಾಕಿ” ಅಂದರು. ಎದುರು ಮಾತಾಡಲು ನಮಗೆ ಬಾಯಿ ಇರಲಿಲ್ಲ.

ಅಮ್ಮನನ್ನು ನೋಡಲು ಬಂದ ಭಾವ ಪಂಪ್‌ಸೆಟ್ ರಿಪೇರಿ ಮಾಡುವವರು. ಎಲ್ಲ ಕೇಳಿ, “ಕೇಬಲ್ ಯಾಕೆ ಎರಡು ಸಲ ಹೋಯ್ತು ಮಾರಾಯ್ರಾ?” ಅಂದರು. ಬ್ಯಾಟರಿ ಬಗ್ಗೆ ಒಂದು ಮಾತೂ ಕೇಳಲಿಲ್ಲ. “ಗಾಡಿ ಸರಿ ಇದ್ದಾಗ ನೋಡಿ ಏನೂ ಸಿಗಲ್ಲ. ಟಕ್ ಅಂದಾಗ ಏನನ್ನೂ ಅಲ್ಲಾಡಿಸಬೇಡಿ, ನನ್ನ ಕರೀರಿ” ಅಂದು ಉಳಿದುಕೊಂಡರು. ಎರಡು ದಿನ ಮಲ್ಟಿಮೀಟರ್ ಜಗುಲಿಯ ಮೇಲೆ ಕಾಯುತ್ತಾ ಬಿದ್ದಿತ್ತು. ಗಾಡಿ ಹಾಳಾಗಲಿ ಎಂದು ಹರಕೆ ಹೊತ್ತವರು ನಾವೇ ಇರಬೇಕು.

ಮೂರನೇ ಸಂಜೆ ಟಕ್ ಅಂತು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದದ್ದು. ಬ್ಯಾಟರಿ 12.4 ವೋಲ್ಟ್, ಚೆನ್ನಾಗೇ ಇದೆ. ಭಾವ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಸೀಸದ ಗೂಟಕ್ಕೆ, ಇನ್ನೊಂದನ್ನು ಬಾಡಿಗೆ ಮುಟ್ಟಿಸಿದರು. ನಾವು ಕೀ ತಿರುಗಿಸಿ ಹಿಡಿದಾಗ 0.1 ತೋರಿಸಿತು. ಅದೇ ಕಡ್ಡಿಯನ್ನು ಇಂಜಿನ್ನಿನ ಬರಿ ಲೋಹಕ್ಕೆ ಇಟ್ಟಾಗ 5 ದಾಟಿತು. ಅಲ್ಲಿ ಅರ್ಧ ವೋಲ್ಟೂ ಇರಬಾರದು.

ಸೆಲ್ಫ್ ತಿರುಗಲು ಬೇಕಾದ ಕರೆಂಟು ಬ್ಯಾಟರಿಯ ಪ್ಲಸ್‌ನಿಂದ ಹೋಗಿ, ಇಂಜಿನ್ ಮೈಯಿಂದ ಬಾಡಿಗೆ ದಾಟಿ, ಮೈನಸ್‌ಗೆ ವಾಪಸ್ ಬರಬೇಕು. ದಾಟಲು ಇರುವ ಸೇತುವೆ ಒಂದು ಹೆಣೆದ ತಾಮ್ರದ ಪಟ್ಟಿ, ಅರ್ತ್ ವೈರ್. ನಮ್ಮದರ ಬೋಲ್ಟಿನಡಿ ಹಸಿರು ಕಿಲುಬು, ಎಳೆಗಳು ಅರ್ಧಕ್ಕರ್ಧ ತುಂಡು. ಮಲೆನಾಡಿನ ಮಳೆಯಲ್ಲಿ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ನೆನೆದ ತಾಮ್ರ. ಅಂಥ ಜಾಗದಲ್ಲಿ ಬರೀ 0.03 ಓಮ್ ತಡೆ ಇದ್ದರೂ 100 ಆಂಪಿಯರ್ ಎಳೆಯುವಾಗ 3 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ಒಂದು ಹೆಡ್‌ಲೈಟಿಗೆ 5 ಆಂಪಿಯರ್ ಸಾಕು, ಅದರ ದಾರಿಯೂ ಬಾಡಿಯಿಂದ ಸೀದಾ, ಹಾಗಾಗಿ ಅದು ಉರಿಯುತ್ತಲೇ ಇತ್ತು. ಡೈನಮೋದ ಕರೆಂಟೂ ಇದೇ ಪಟ್ಟಿ ದಾಟಬೇಕಾದ್ದರಿಂದ ಬ್ಯಾಟರಿ ಆಗಾಗ ಸೋಲುತ್ತಿತ್ತು. ಬಿಸಿಗೆ, ಕುಲುಕಾಟಕ್ಕೆ ಎಳೆಗಳು ಒಮ್ಮೆ ಮುಟ್ಟುತ್ತಿದ್ದವು, ಒಮ್ಮೆ ಬಿಡುತ್ತಿದ್ದವು.

ಮತ್ತೆ ಆ ಕೇಬಲ್? ಸೇತುವೆ ಮುರಿದಾಗ ಕರೆಂಟು ಬೇರೆ ದಾರಿ ಹುಡುಕುತ್ತದೆ. ಇಂಜಿನ್ನಿಗೂ ಬಾಡಿಗೂ ತಾಗಿದ ಆಕ್ಸಿಲರೇಟರ್ ಕೇಬಲ್ಲಿನಲ್ಲೇ ಹರಿದು, ಅದು ಕಾದು, ಒಳಗಿನ ಪ್ಲಾಸ್ಟಿಕ್ ಕರಗಿ ಬಿಗಿದುಕೊಳ್ಳುತ್ತಿತ್ತು. ಸುಟ್ಟ ವಾಸನೆ ನಮಗೂ ಬಂದಿತ್ತು. ಸೈಲೆನ್ಸರ್ ಇರಬೇಕು ಅಂದುಕೊಂಡು ಬಿಟ್ಟಿದ್ದೆವು!

ಹೊಸ ಪಟ್ಟಿಗೆ 250 ರೂಪಾಯಿ. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿದೆವು, ಕೊನೆಗೆ ಅದನ್ನೇ ಕೂರಿಸಿದೆವು. ಬೋಲ್ಟ್ ಕೂರುವ ಜಾಗವನ್ನು ಮರಳು ಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ, ಮೇಲಿಂದ ಗ್ರೀಸ್ ಮೆತ್ತಿದೆವು. ಈಗ ಅದೇ ಜಾಗದಲ್ಲಿ ಮೀಟರ್ 0.2 ತೋರಿಸುತ್ತದೆ. ನಿಮ್ಮಲ್ಲೂ ಇಂಥ ಹಳೇ ಗಾಡಿ ಇದ್ದರೆ, ಬ್ಯಾಟರಿಗೆ ದುಡ್ಡು ಹಾಕುವ ಮೊದಲು ಟಕ್ ಅನ್ನುವ ಹೊತ್ತಿನಲ್ಲೇ ಈ ಎರಡು ಜಾಗ ಅಳೆದು ನೋಡಿ.

ಎರಡು ಮಳೆಗಾಲ ಕಳೆಯಿತು, ಟಕ್ ಮತ್ತೆ ಕೇಳಿಲ್ಲ. ಗುಜರಿಯ ಮಾತನ್ನೂ ಅಪ್ಪಯ್ಯ ಎತ್ತಿಲ್ಲ. ಆದರೆ ರಾತ್ರಿ ಗಾಡಿ ನಿಲ್ಲಿಸುವಾಗ ಈಗಲೂ ಮೂತಿಯನ್ನು ಇಳಿಜಾರಿನ ಕಡೆಗೇ ತಿರುಗಿಸಿ ನಿಲ್ಲಿಸುತ್ತಾರೆ.