1961ರ ಪುರಾವೆ

ನಮ್ಮದು ಕಲಬುರಗಿ ಜಿಲ್ಲೆಯ ಒಂದು ತಾಂಡಾ. ಮಳೆ ಕೈಕೊಟ್ಟ ವರ್ಷ ತೊಗರಿ ಹೋಯಿತು, ಸಾಲ ಉಳಿಯಿತು. ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿ ಹತ್ತಿ ಮುಂಬಯಿ ಹತ್ತಿರದ ಕಲ್ಯಾಣದಲ್ಲಿ ಇಳಿದೆವು. ನಾನು ಮೂರನೆಯ ಇಯತ್ತೆ, ತಮ್ಮ ಇನ್ನೂ ಯಾಡಿಯ (ಅವ್ವನ) ಕಂಕುಳಲ್ಲಿ. ಅಲ್ಲಿಂದ ಮುಂದೆ ಕಟ್ಟಡ ಎಲ್ಲಿ ಏಳುತ್ತದೋ ಅಲ್ಲಿನ ಪತ್ರಾ ಶೆಡ್ಡೇ ಮನೆ. ಖಾರ್ಘರ್, ಘನ್ಸೋಲಿ, ಆಮೇಲೆ ಡೊಂಬಿವಲಿ ಕಡೆಯ ಶಿಳ್‌ಫಾಟಾ. ಪ್ಲಾಸ್ಟರ್ ಮುಗಿಯುತ್ತಿದ್ದ ಹಾಗೆ ಮುಕಾದಮ ಬಂದು "ನಾಳಿ ಗಾಡಿ ಬರ್ತದ" ಅನ್ನುತ್ತಿದ್ದ. ತಗಡು, ಪಾತ್ರೆ, ನಾವು, ಎಲ್ಲ ಒಂದೇ ಟೆಂಪೋದಲ್ಲಿ.

ಮನೆಯಲ್ಲಿ ಲಂಬಾಣಿ, ಊರ ಶಾಲೆಯಲ್ಲಿ ಕನ್ನಡ, ಇಲ್ಲಿ ಮುನಿಸಿಪಾಲಿಟಿ ಶಾಲೆಯ ಮರಾಠಿ. ಭಾಷೆ ಹೇಗೋ ಬಂತು, ಮಕ್ಕಳಿಗೆ ಬರುತ್ತದೆ. ಕಷ್ಟವಾದದ್ದು ತಮ್ಮನದು. ಕೆಲವು ಸೈಟುಗಳಲ್ಲಿ ಮೊಬೈಲ್ ಕ್ರೆಷಸ್ ಸಂಸ್ಥೆಯವರ ಬಾಲವಾಡಿ ಇರುತ್ತಿತ್ತು. ಅವನು ಅಲ್ಲಿ, ನಾನು ಶಾಲೆಯಲ್ಲಿ. ಬಾಲವಾಡಿ ಇಲ್ಲದ ಸೈಟು ಬಂತೆಂದರೆ ನನ್ನ ಶಾಲೆ ನಿಂತಿತು. ಸಿಮೆಂಟ್ ಚೀಲಗಳ ನೆರಳಲ್ಲಿ ಅವನನ್ನು ಕಾಯುತ್ತ ಕೂರಬೇಕು. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಮಕ್ಕಳಿಗೊಂದು ಕೋಣೆ ಇರಲೇಬೇಕು ಎಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳುತ್ತಿತ್ತು. ನಾನು ಅದನ್ನು ಓದಿದ್ದು ದೊಡ್ಡವಳಾದ ಮೇಲೆ. ನಮ್ಮ ಎಷ್ಟೋ ಸೈಟುಗಳಲ್ಲಿ ಆ ಕೋಣೆಯಲ್ಲಿ ಟೈಲ್ಸ್ ಪೆಟ್ಟಿಗೆಗಳಿದ್ದವು.

ಜೂನ್ ಬಂದರೆ ಇಲ್ಲಿ ನೆಲೆಸಿದ ಕನ್ನಡದವರು ಬಂದು ನೋಟ್‌ಬುಕ್ ಹಂಚುತ್ತಿದ್ದರು. 2010ರ ಜೂನ್‌ನಲ್ಲಿ ಬಂದವರಲ್ಲಿ ಒಬ್ಬರು ಹುಬ್ಬಳ್ಳಿ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾಗಿ ಡೊಂಬಿವಲಿ ಪೂರ್ವದಲ್ಲಿದ್ದವರು. "ನೋಟ್‌ಬುಕ್ಕಷ್ಟ ಸಾಕೇನವಾ?" ಎಂದು ಕೇಳಿದರು. "ಎಲ್.ಸಿ. ಬೇಕ್ರಿ ಅಕ್ಕಾರ" ಅಂದೆ. ಹಿಂದಿನ ಶಾಲೆಯವರು ಶಾಲೆ ಬಿಟ್ಟ ದಾಖಲೆ ಕೊಟ್ಟಿರಲಿಲ್ಲ, ಅದಿಲ್ಲದೆ ಹೊಸ ಶಾಲೆಯವರು ಹೆಸರು ಬರೆದುಕೊಳ್ಳುತ್ತಿರಲಿಲ್ಲ. ಅಪ್ಪನನ್ನು ಕರೆದುಕೊಂಡು ಬಾ ಅನ್ನುವರು. ಅಪ್ಪ ಬಂದರೆ ಅಂದಿನ ಹಾಜರಿ ಹೋಗುತ್ತದೆ. ಅಕ್ಕಾರು ಮರುದಿನವೇ ನನ್ನ ಜೊತೆ ಹೊರಟರು. ಶಿಕ್ಷಣ ಹಕ್ಕು ಕಾಯ್ದೆ ಆ ಏಪ್ರಿಲ್ 1ರಂದೇ ಜಾರಿಗೆ ಬಂದಿತ್ತು: ದಾಖಲೆಯನ್ನು ತಕ್ಷಣ ಕೊಡಬೇಕು, ಅದು ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ಅವರು ಆ ಕಲಮನ್ನು ಬರೆದುಕೊಂಡು ಹೋಗಿ ಮೇಜಿನ ಮೇಲಿಟ್ಟರು. ಮಧ್ಯಾಹ್ನದೊಳಗೆ ಎಲ್.ಸಿ. ಕೈಗೆ ಬಂತು.

ಕಟ್ಟಡ ಕಾರ್ಮಿಕರ ಮಕ್ಕಳಿಗೆ ಸರ್ಕಾರದ ಮಂಡಳಿಯಿಂದ ಓದಿನ ಸಹಾಯಧನ ಇದೆ. ಅದಕ್ಕೆ ಅಪ್ಪನ ನೋಂದಣಿ ಆಗಬೇಕಿತ್ತು. ನೋಂದಣಿಗೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಾನೆಂದು ಗುತ್ತಿಗೆದಾರ ಬರೆದುಕೊಡಬೇಕಿತ್ತು. ಬರೆದುಕೊಟ್ಟರೆ ಕೂಲಿಯವರು ತನ್ನವರೆಂದು ಒಪ್ಪಿಕೊಂಡಂತೆ. ಅವನು ಸಹಿ ಹಾಕಲಿಲ್ಲ.

ಎಂಟನೆಯದು ಮುಗಿದಾಗ ಅಕ್ಕಾರು "ಹತ್ತನೇತ್ತಾ ಮುಗಿಯೂತನಕ ನಮ್ಮನಿಯೊಳಗ ಇರಲಿ" ಎಂದರು. ಯಾಡಿ ಒಪ್ಪಲು ಬಹಳ ದಿನ ಹಿಡಿಯಿತು. ಆ ಮನೆಯಲ್ಲಿ ನನಗೆ ಯಾರೂ ಏನೂ ಅಂದದ್ದಿಲ್ಲ, ಆದರೂ ಮೊದಲ ತಿಂಗಳುಗಳಲ್ಲಿ ಎರಡನೆಯ ಚಪಾತಿ ಕೇಳಲು ಬಾಯಿ ಬರುತ್ತಿರಲಿಲ್ಲ. ಸ್ನಾನದ ನೀರನ್ನು ಸದ್ದಾಗದಂತೆ ಸುರಿದುಕೊಳ್ಳುತ್ತಿದ್ದೆ. ಒಂದು ಸಮಾರಂಭದಲ್ಲಿ ನಮ್ಮಂಥವರನ್ನು ವೇದಿಕೆಗೆ ಕರೆದು ಹೆಸರು, ತಂದೆಯ ಕೂಲಿ ಎಲ್ಲ ಮೈಕಿನಲ್ಲಿ ಹೇಳಿ ಲಕೋಟೆ ಕೊಟ್ಟರು. ಲಕೋಟೆ ಹಿಡಿದು ಕ್ಯಾಮೆರಾ ನೋಡಬೇಕು. ದಾನಿಗಳು ಒಳ್ಳೆಯವರೇ. ಆ ಫೋಟೋ ಮಾತ್ರ ಬೇಡವಾಗಿತ್ತು.

2014ರಲ್ಲಿ ಹತ್ತನೆಯದು ಪಾಸಾದೆ. ಹನ್ನೊಂದನೆಯದರ ಆನ್‌ಲೈನ್ ಪ್ರವೇಶದಲ್ಲಿ ಮೀಸಲು ಸೀಟಿಗೆ ಜಾತಿ ಪ್ರಮಾಣಪತ್ರ ಬೇಕಿತ್ತು. ಊರಿನ ನಾಡಕಚೇರಿಯ ಪತ್ರ ಹಿಡಿದು ಇಲ್ಲಿನ ಕಚೇರಿಗೆ ಹೋದರೆ, ಕರ್ನಾಟಕದ್ದು ಇಲ್ಲಿ ನಡೆಯದು ಎಂದರು. ಲಂಬಾಣಿಗಳು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಮಹಾರಾಷ್ಟ್ರದಲ್ಲಿ ಬಂಜಾರಾ ಎಂದು ವಿಮುಕ್ತ ಜಾತಿ. ಆ ಪಟ್ಟಿಗೆ ಸೇರಬೇಕಾದರೆ 1961ರ ನವೆಂಬರ್ 21ಕ್ಕೂ ಮೊದಲೇ ನಮ್ಮ ಹಿರಿಯರು ಮಹಾರಾಷ್ಟ್ರದಲ್ಲಿ ವಾಸವಿದ್ದ ಪುರಾವೆ ತರಬೇಕು. ಆಗ ನಮ್ಮ ಅಜ್ಜ ತಾಂಡಾದಲ್ಲಿ ಕುರಿ ಕಾಯುತ್ತಿದ್ದ. ಕಿಟಕಿಯ ಆಚೆಯವನು ನಿಯಮ ಹೇಳುತ್ತಿದ್ದ, ಅವನ ಮೇಲೆ ಸಿಟ್ಟು ಮಾಡಿ ಫಲವಿಲ್ಲ. ಆಂಧ್ರದಿಂದ ಬಂದ ವಿದ್ಯಾರ್ಥಿಯೊಬ್ಬನಿಗೆ ಮುಂಬಯಿಯ ಮೆಡಿಕಲ್ ಸೀಟಿನ ವಿಷಯದಲ್ಲಿ 1990ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿತ್ತು: ಹುಟ್ಟಿದ ರಾಜ್ಯದ ಮೀಸಲಾತಿ ವಲಸೆ ಬಂದ ರಾಜ್ಯಕ್ಕೆ ಬರುವುದಿಲ್ಲ. ಹೀಗೆ ಓಪನ್ ಸೀಟಿನಲ್ಲಿ ಅನುದಾನವಿಲ್ಲದ ಕಾಲೇಜು ಸಿಕ್ಕಿತು, ಪೂರ್ತಿ ಫೀಸು. ಎರಡೂ ವರ್ಷ ಅಕ್ಕಾರೇ ಕಟ್ಟಿದರು, ಆಮೇಲೆ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೂ. ಈಗ ಕಲ್ಯಾಣದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ತಮ್ಮ ಒಂಬತ್ತನೆಯದರ ನಡುವೆ ಸೈಟು ಬದಲಾದಾಗ ಶಾಲೆ ಬಿಟ್ಟ. ಉಲ್ವೆಯಲ್ಲಿ ಟೈಲ್ಸ್ ಕೂರಿಸುತ್ತಾನೆ.

ಜೂನ್‌ನಲ್ಲಿ ನೋಟ್‌ಬುಕ್ ಹಂಚುವವರಲ್ಲಿ ನನ್ನದೊಂದು ಕೋರಿಕೆ. ದೀಪಾವಳಿ ಕಳೆದ ಮೇಲೆ ಅದೇ ಸೈಟಿಗೆ ಇನ್ನೊಮ್ಮೆ ಹೋಗಿ. ಮಗು ಅಲ್ಲಿ ಇಲ್ಲದಿದ್ದರೆ ಗಾಡಿ ಎಲ್ಲಿಗೆ ಹೋಯಿತೆಂದು ಮುಕಾದಮನನ್ನು ಕೇಳಿ, ಹಳೆಯ ಶಾಲೆಯಿಂದ ಎಲ್.ಸಿ. ತೆಗೆಸಿ ಹೊಸ ಶಾಲೆಯಲ್ಲಿ ನೀವೇ ಹೆಸರು ಹಚ್ಚಿಸಿ. ಹತ್ತನೆಯದು ಮುಗಿಯಿತೆಂದು ಕೈಬಿಡಬೇಡಿ, ದೊಡ್ಡ ಫೀಸು ಬರುವುದೇ ಅದರ ಮೇಲೆ.