ತರಾಸು ನನಗೇಕೆ ಮೆಚ್ಚು?

ಮೆಚ್ಚಿನ ಲೇಖಕರು ಯಾರೆಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ಒಂದು ಗಳಿಗೆ ತಡೆದು, ಕೇಳಿದವರ ಮುಖ ನೋಡಿ ಉತ್ತರ ಹೇಳುತ್ತಾರೆ. ಮೇಷ್ಟರು ಕೇಳಿದರೆ ಒಂದು ಹೆಸರು. ಗೆಳೆಯರು ಕೇಳಿದರೆ ಇನ್ನೊಂದು. ರಾತ್ರಿ ದೀಪ ಆರಿಸುವ ಮುನ್ನ ಕೈಗೆತ್ತಿಕೊಳ್ಳುವ ಪುಸ್ತಕ ಮಾತ್ರ ಮೂರನೆಯವರದು! ನನ್ನ ಮಟ್ಟಿಗೆ ಈ ತಾಪತ್ರಯವಿಲ್ಲ. ಯಾರು ಕೇಳಿದರೂ ನನ್ನ ಉತ್ತರ ಒಂದೇ: ತ. ರಾ. ಸುಬ್ಬರಾಯರು, ನಾಡೆಲ್ಲ ಅಕ್ಕರೆಯಿಂದ ಕರೆಯುವ ತರಾಸು.

ಭರಮಸಾಗರದವನಾದ ನನಗೆ ಇದರಲ್ಲಿ ಸ್ವಲ್ಪವೂ ಪಕ್ಷಪಾತವಿಲ್ಲವೆಂದು ಹೇಳಲಾರೆ. ಮಲೆನಾಡಿನವರಿಗೆ ಕುವೆಂಪು ಇದ್ದಾರೆ, ಕರಾವಳಿಯವರಿಗೆ ಕಾರಂತರಿದ್ದಾರೆ. ನಮ್ಮದಾದರೋ ಬಯಲುಸೀಮೆ. ಬಂಡೆ, ಜಾಲಿ, ಸೇಂಗಾ ಹೊಲ, ಮಳೆಯ ದಾರಿ ಕಾಯುವ ಕೆರೆ. ಇದರಲ್ಲಿ ಬರೆಯುವುದಕ್ಕೆ ಏನಿದೆ ಎಂದು ನಾವೇ ಅಂದುಕೊಂಡಿದ್ದೆವು. ಇದರಲ್ಲೇ ಎಲ್ಲವೂ ಇದೆ ಎಂದು ತೋರಿಸಿಕೊಟ್ಟವರು ತರಾಸು.

ಅವರು ಹುಟ್ಟಿದ್ದು 1920ರಲ್ಲಿ, ಮಲೆಬೆನ್ನೂರಿನಲ್ಲಿ. ಮನೆತನ ಚಳ್ಳಕೆರೆ ಸೀಮೆಯ ತಳುಕಿನದು. ಕುವೆಂಪು ಅವರ ಗುರುಗಳಾದ ಟಿ. ಎಸ್. ವೆಂಕಣ್ಣಯ್ಯನವರೂ ಅದೇ ಮನೆತನದವರು. ಸ್ವಾತಂತ್ರ್ಯ ಚಳವಳಿಗಾಗಿ ಓದನ್ನು ಬಿಟ್ಟು, ಪತ್ರಿಕೆಗಳಲ್ಲಿ ದುಡಿದು, ಲೇಖನಿಯನ್ನೇ ನಂಬಿ ಬಾಳಿದ ಈ ಮನುಷ್ಯ ಚಿತ್ರದುರ್ಗದ ಪಾಳೆಯಗಾರರ ಮೇಲೆ ಎಂಟು ಕಾದಂಬರಿಗಳನ್ನು ಬರೆದರು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಒಂದು ಗೊಂಚಲು. ‘ಹೊಸಹಗಲು’, ‘ವಿಜಯೋತ್ಸವ’, ‘ರಾಜ್ಯದಾಹ’, ‘ಕಸ್ತೂರಿ ಕಂಕಣ’ ಇನ್ನು ನಾಲ್ಕು. ಕೊನೆಯದು, 1982ರಲ್ಲಿ ಬಂದ ‘ದುರ್ಗಾಸ್ತಮಾನ’.

ನಮ್ಮ ಅಜ್ಜಿಗೆ ಅಕ್ಷರ ಬಾರದು. ರಾತ್ರಿ ಊಟವಾದ ಮೇಲೆ ಅಮ್ಮ ಗಟ್ಟಿಯಾಗಿ ಓದುವರು. ಅಜ್ಜಿ ಹೂಬತ್ತಿ ಹೊಸೆಯುತ್ತ ಕೇಳುವರು. ದಳವಾಯಿ ಮುದ್ದಣ್ಣನ ಕ್ರೌರ್ಯದ ಪ್ರಸಂಗ ಬಂದಾಗ ಅಜ್ಜಿಯ ಬಾಯಿಂದ ಹೊರಡುತ್ತಿದ್ದ ಶಾಪಗಳನ್ನು ಇಲ್ಲಿ ಬರೆಯುವಂತಿಲ್ಲ. ಒಂದು ರಾತ್ರಿ ಕಥೆ ಬಿಳಿಚೋಡು ಭರಮಣ್ಣ ನಾಯಕನ ಹೆಸರಿಗೆ ಬಂದಿತು. ಅಜ್ಜಿಯ ಕೈ ನಿಂತಿತು.

“ಇವನೇ ಏನೇ, ನಮ್ಮ ಕೆರೆ ಕಟ್ಟಿಸಿದವನು?”

“ಹೌದು ಅತ್ತೆ.”

“ಹಾಗಾದರೆ ಇವನಿಗೆ ಏನೂ ಆಗದ ಹಾಗೆ ಓದು.”

ನಾವೆಲ್ಲ ನಕ್ಕೆವು. ಆದರೆ ಆ ಮಾತನ್ನು ನಾನು ಮರೆತಿಲ್ಲ. ನಿತ್ಯ ಬಾಯಲ್ಲಿ ಬರುವ ಊರಿನ ಹೆಸರೊಳಗೆ ಒಬ್ಬ ಮನುಷ್ಯನಿದ್ದಾನೆಂದು ನಮ್ಮ ಮನೆಗೆ ತಿಳಿದದ್ದು ಆ ರಾತ್ರಿ. 1689ರಲ್ಲಿ, ಅರಮನೆಯ ಒಳಜಗಳದಲ್ಲಿ ರಾಜ್ಯ ನುಚ್ಚುನೂರಾಗಿದ್ದಾಗ ಪಟ್ಟಕ್ಕೆ ಬಂದವನು ಭರಮಣ್ಣ. 1721ರವರೆಗೆ ಆಳಿದ; ಗುಡಿಗಳನ್ನು ಎತ್ತಿಸಿದ, ಕೆರೆಗಳನ್ನು ಕಟ್ಟಿಸಿದ. ಶಾಲೆಯ ಚರಿತ್ರೆಯಲ್ಲಿ ಇದು ಒಂದು ಸಾಲು. ಪರೀಕ್ಷೆ ಮುಗಿದ ಮಾರನೆಯ ದಿನವೇ ಮರೆತುಹೋಗುವ ಸಾಲು. ಇಂಥ ಸಾಲಿಗೆ ಉಸಿರು ತುಂಬುವುದು ಕಾದಂಬರಿಕಾರನ ಕೆಲಸ.

ಆ ಕೆರೆ ನನ್ನ ಕಣ್ಣೆದುರಿಗೇ ವರ್ಷಗಟ್ಟಲೆ ಬತ್ತಿ ಬಣಗುಟ್ಟಿತು. ಹೆಸರಿಗೆ ಸಾಗರ, ನೋಡಿದರೆ ಬಿರುಕುಬಿಟ್ಟ ಮಣ್ಣು. ಏರಿಯ ಮೇಲೆ ನಿಂತಾಗಲೆಲ್ಲ, ಕಟ್ಟಿಸಿದವನಿಗೆ ನಾವು ಲೆಕ್ಕ ಒಪ್ಪಿಸಬೇಕೆಂದು ನನಗೆ ಅನಿಸುತ್ತಿತ್ತು. 2021ರಲ್ಲಿ ಏತ ನೀರಾವರಿಯ ಮೂಲಕ ತುಂಗಭದ್ರೆಯ ನೀರು ಬಂದಾಗ ಊರಿಗೆ ಊರೇ ಏರಿಯ ಮೇಲೆ ನೆರೆಯಿತು. ಅಂದು ನೀರನ್ನು ನೋಡಲು ಅಜ್ಜಿ ಇರಲಿಲ್ಲ.

ನಮ್ಮ ಭಾವನವರು ಚರಿತ್ರೆಯ ಅಧ್ಯಾಪಕರು. ನನ್ನ ಈ ಭಕ್ತಿ ಅವರಿಗೆ ಹಿಡಿಸದು. “ಕಾದಂಬರಿ ಓದಿದವನು ಚರಿತ್ರೆ ಬಲ್ಲೆನೆಂದು ಬೀಗುತ್ತಾನೆ. ಸಂಭಾಷಣೆಯನ್ನು ಯಾರು ಕೇಳಿ ಬರೆದಿಟ್ಟಿದ್ದರು?” ಎನ್ನುತ್ತಾರೆ. ಮಾತು ನ್ಯಾಯವಾದುದೇ. ಶಾಸನ ಓದಬೇಕಾದಲ್ಲಿ ಕಾದಂಬರಿ ಓದಿದರೆ ಸಾಲದು. ತರಾಸು ಅವರ ಭಾಷೆ ಕೆಲವೆಡೆ ಹಬ್ಬದ ರಥದಂತೆ ಅಲಂಕಾರದ ಭಾರದಿಂದ ನಿಧಾನವಾಗುತ್ತದೆಂಬುದನ್ನೂ ಒಪ್ಪುತ್ತೇನೆ. ಆದರೆ ಶಾಸನವನ್ನು ಹುಡುಕಿಕೊಂಡು ಹೋಗುವ ಹಂಬಲ ಎಲ್ಲಿಂದ ಹುಟ್ಟಬೇಕು? ನನ್ನನ್ನು ಚಿತ್ರದುರ್ಗದ ಏಳು ಸುತ್ತಿನ ಕೋಟೆಗೆ ಕರೆದೊಯ್ದು, ಹಿಡಿಂಬೇಶ್ವರನ ಗುಡಿಯ ಮುಂದೆ ನಿಲ್ಲಿಸಿದ್ದು ಪಠ್ಯಪುಸ್ತಕವಲ್ಲ.

ಭಾವನವರಿಗೆ ನಾನು ಕೊಡುವ ಇನ್ನೊಂದು ಉತ್ತರವಿದೆ. ಸ್ವಂತ ಊರಿನ ಅರಸನನ್ನು ಕುರಿತು ಬರೆಯುವವನಿಗೆ ಹೊಗಳುಭಟನಾಗುವ ಅಪಾಯ ಬಹಳ. ‘ದುರ್ಗಾಸ್ತಮಾನ’ದ ಮದಕರಿ ನಾಯಕ ಶೂರ, ಉದಾರಿ, ಪ್ರಜೆಗಳ ಕಣ್ಮಣಿ, ಆದರೂ ದುಡುಕುತ್ತಾನೆ, ಪೇಶ್ವೆಗೂ ಹೈದರನಿಗೂ ನಡುವೆ ಮನಸ್ಸು ಹೊಯ್ದಾಡಿಸುತ್ತಾನೆ. 1779ರಲ್ಲಿ ಕೋಟೆ ಬೀಳುವುದು ಹೊರಗಿನ ಫಿರಂಗಿಯೊಂದರಿಂದಲೇ ಅಲ್ಲ ಎಂಬುದನ್ನು ತರಾಸು ಮುಚ್ಚಿಡುವುದಿಲ್ಲ. ಪ್ರೀತಿಸುವವನೇ ತಪ್ಪನ್ನೂ ಕಾಣಬಲ್ಲ ಎಂಬುದನ್ನು ನಾನು ಕಲಿತದ್ದು ಅವರಿಂದ. ‘ಹಂಸಗೀತೆ’ಯಲ್ಲಿ ದೊರೆಯ ಅಪ್ಪಣೆಗೆ ಹಾಡಲೊಲ್ಲದೆ ನಾಲಗೆಯನ್ನೇ ಕತ್ತರಿಸಿಕೊಳ್ಳುವ ಸಂಗೀತಗಾರನನ್ನು ಚಿತ್ರಿಸಿದಾಗಲೂ ಅಷ್ಟೆ, ಅಲ್ಲಿ ದೊಡ್ಡದು ಸಿಂಹಾಸನವಲ್ಲ, ಸ್ವಾಭಿಮಾನ.

‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು 1985ರಲ್ಲಿ, ಪಡೆಯಬೇಕಾದವರು ಹಿಂದಿನ ವರ್ಷವೇ ತೀರಿಕೊಂಡಿದ್ದರು. ಇಂದು ಹೆಚ್ಚಿನವರು ಓದುವುದು ಆ ಒಂದನ್ನೇ. ಕೋಟೆಯ ಪತನಕ್ಕೆ ಕಣ್ಣೀರು ಸುರಿಸಿ ಪುಸ್ತಕ ಮುಚ್ಚುತ್ತಾರೆ. ಅಂಥವರಲ್ಲಿ ನನ್ನದೊಂದು ವಿನಂತಿ: ಎಂಟನ್ನೂ ಓದಿ, ಕಥೆಯ ಕಾಲಕ್ರಮದಲ್ಲಿ ಓದಿ. ಕೆಡವಿದವರ ಕಥೆಗಿಂತ ಮೊದಲು ಕಟ್ಟಿದವರ ಕಥೆ ತಿಳಿದಿದ್ದರೆ, ಅಸ್ತಮಾನದಲ್ಲಿ ಮುಳುಗಿದ್ದು ಎಷ್ಟೆಂಬುದು ಅರ್ಥವಾದೀತು. ಮನೆಯಲ್ಲಿ ಅಕ್ಷರ ಬಾರದ ಹಿರಿಯರೋ ಓದಲೊಲ್ಲದ ಕಿರಿಯರೋ ಇದ್ದರೆ, ಗಟ್ಟಿಯಾಗಿಯೇ ಓದಿರಿ.