ಕಠ್ಮಂಡುವಿನಿಂದ ಬಂದವಳು ಭಾಲ್ಕಿಗೆ ಹೋದಳು

ಬೀದರ್ ಕೋಟೆ ನೋಡಲು ಬಂದವರು ಚಿದ್ರಿಯವರೆಗೆ ಬರುವುದಿಲ್ಲ. ಊರ ಅಂಚಿನ ನಮ್ಮ ಚಿದ್ರಿಯಲ್ಲಿ ಗುಮ್ಮಟವೂ ಇಲ್ಲ, ಮದರಸಾವೂ ಇಲ್ಲ. ಆದರೆ ನಮ್ಮ ಓಣಿಯ ಮಕ್ಕಳನ್ನು ಕೇಳಿದರೆ, ಬೀದರಿನಲ್ಲಿ ನೋಡಬೇಕಾದದ್ದು ಇದೊಂದೇ ಎನ್ನುತ್ತಾರೆ. ವಾಯುಪಡೆಯ ತರಬೇತಿ ನೆಲೆ ಹತ್ತಿರದಲ್ಲೇ ಇದೆಯಲ್ಲ! ಬೆಳಗಾದರೆ ತಲೆಯ ಮೇಲೆ ವಿಮಾನ. ಆಕಾಶದಲ್ಲಿ ರಂಗೋಲಿ ಬಿಡಿಸುವ ಸೂರ್ಯಕಿರಣ ತಂಡದ ನೆಲೆಯೂ ಬೀದರೇ. ಹೊಸಬರು ಸದ್ದಿಗೆ ಬೆಚ್ಚಿ ಕಿವಿ ಮುಚ್ಚಿಕೊಂಡರೆ ಇಲ್ಲಿಯ ಮಕ್ಕಳು ಆಟ ಬಿಟ್ಟು ಕತ್ತೂ ಎತ್ತುವುದಿಲ್ಲ.

ಹೈದರಾಬಾದಿನಲ್ಲಿ ಓದುವ ನನ್ನ ಮೊಮ್ಮಗಳು ಈ ಬೇಸಿಗೆಯಲ್ಲಿ ವಿಮಾನ ಹತ್ತಿ ನೇಪಾಳಕ್ಕೆ ಹೋಗಿಬಂದಳು. ಕಠ್ಮಂಡುವಿನ ಒಂದು ಅನಾಥಾಶ್ರಮದಲ್ಲಿ ಎರಡು ವಾರ ಸೇವೆ. ಕಳಿಸುವ ಏಜೆನ್ಸಿಗೆ ದುಡ್ಡನ್ನೂ ಕಟ್ಟಿದ್ದಳು. ಸೇವೆ ಮಾಡಲು ನಾವೇ ದುಡ್ಡು ಕೊಡುವುದೆಂದರೇನೆಂದು ನನಗೆ ತಿಳಿಯಲಿಲ್ಲ. ಈಗಿನ ಪದ್ಧತಿ ಇರಬಹುದು ಎಂದು ಸುಮ್ಮನಿದ್ದೆ.

ಬಂದಮೇಲೆ ಅವಳು ಮೊದಲಿನಂತೆ ಮಾತಾಡಲಿಲ್ಲ. ಚುರುಮುರಿ ಸೂಸಲಾ ಮಾಡಿಕೊಟ್ಟರೂ ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತಿದ್ದಳು. ನಾಲ್ಕನೆಯ ದಿನ ತಾನಾಗಿಯೇ ಬಾಯಿಬಿಟ್ಟಳು.

“ಮುತ್ಯಾ, ನಾ ಆ ಹುಡುಗರಿಗೆ ಎ, ಬಿ, ಸಿ, ಡಿ ಕಲಿಸ್ದೆ. ಅವರಿಗೆ ಅದು ಮೊದಲೇ ಬರ್ತಿತ್ತು. ನನಗಿಂತ ಮೊದಲು ಬಂದೋರೂ ಅದನ್ನೇ ಕಲಿಸ್ಯಾರ. ನಾ ಹೊರಡೋ ದಿನ ಹೊಸಾ ತಂಡ ಬಂತು. ಅವರೂ ಎ ಫಾರ್ ಆ್ಯಪಲ್ ಅಂತ ಸುರು ಮಾಡಿದ್ರು. ಹುಡುಗರು ಏನೂ ಬರಲಾರದವರಂಗ ಮತ್ತ ಅಂದ್ರು.”

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಹೇಳಿದಳು. ನಾಲ್ಕು ವರ್ಷದ ಒಂದು ಕೂಸು ಮೊದಲ ದಿನವೇ ಓಡಿಬಂದು ಇವಳ ಕುತ್ತಿಗೆಗೆ ಜೋತುಬಿದ್ದಿತ್ತಂತೆ. ತನ್ನನ್ನು ಕಂಡರೆ ಅದಕ್ಕೆಷ್ಟು ಪ್ರೀತಿ ಎಂದು ಇವಳು ಹಿಗ್ಗಿದ್ದಳು. ಹೊರಡುವ ದಿನ ಅದೇ ಕೂಸು, ಆಗಷ್ಟೇ ಕಾರಿನಿಂದಿಳಿದ, ಹೆಸರೂ ಗೊತ್ತಿಲ್ಲದ ಒಬ್ಬಳ ಕುತ್ತಿಗೆಗೆ ಹಾಗೆಯೇ ಜೋತುಬಿತ್ತು.

ಮೂವತ್ತು ವರ್ಷ ಸಾಲಿಯಲ್ಲಿ ಗಣಿತ ಕಲಿಸಿದವನು ನಾನು. ನಿವೃತ್ತಿಯಾದ ಮೇಲೆ ಪ್ರತಿ ಗುರುವಾರ ಸಂಜೆ ಇಲ್ಲಿಯ ಒಂದು ಬಾಲಮಂದಿರಕ್ಕೆ ಹೋಗಿ ಲೆಕ್ಕ ಹೇಳಿಕೊಡುತ್ತೇನೆ. ಅಲ್ಲಿ ಕಂಡ ಒಂದು ಸಂಗತಿ ಹೇಳುತ್ತೇನೆ. ನಮ್ಮ ಜನಕ್ಕೆ ಹುಟ್ಟುಹಬ್ಬವನ್ನು ಅನಾಥಾಶ್ರಮದಲ್ಲಿ ಆಚರಿಸುವುದೆಂದರೆ ಬಲು ಇಷ್ಟ. ಕೇಕು ತರುತ್ತಾರೆ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಾಡು ಹೇಳಿಸುತ್ತಾರೆ, ಫೋಟೊ ತೆಗೆದು ಮೊಬೈಲಿಗೆ ಹಾಕುತ್ತಾರೆ. ಇಂಥ ಮಕ್ಕಳ ಗುರುತು ಹೊರಗೆ ತಿಳಿಯುವಂತೆ ಫೋಟೊ ಪ್ರಕಟಿಸುವುದಕ್ಕೆ ಕಾನೂನಿನ ತಡೆಯಿದೆ. ಅದನ್ನು ಕೇಳುವವರು ಕಡಿಮೆ. ಒಂದು ಗುರುವಾರ ಆರನೆಯ ಇಯತ್ತೆಯ ಹುಡುಗನೊಬ್ಬ ಭಾಗಾಕಾರದ ನಡುವೆ ತಲೆಯೆತ್ತಿ, “ಸರ್, ಈ ವಾರ ಮೂರು ಬರ್ತ್‌ಡೇ ಆದವು. ನಿನ್ನ ಬರ್ತ್‌ಡೇ ಯಾವಾಗ ಅಂತ ಒಬ್ಬರೂ ಕೇಳಲಿಲ್ಲ” ಎಂದ. ಹೇಳಿ ಮತ್ತೆ ಭಾಗಾಕಾರಕ್ಕೆ ಇಳಿದ.

ಮೊಮ್ಮಗಳಿಗೆ ಇದನ್ನು ಹೇಳಿ ಬುದ್ಧಿವಾದ ಮಾಡಲು ಮನಸ್ಸಾಗಲಿಲ್ಲ. “ನಡಿ ಯವ್ವಾ, ಒಂದು ದಿನ ಸುತ್ತಾಡಿ ಬರೋಣು” ಎಂದೆ. ಶ್ರಾವಣದಲ್ಲಿ ಅವಳು ಮತ್ತೆ ಬಂದಾಗ ಹೊರಟೆವು. ರೈಲಿನಲ್ಲಿ ಭಾಲ್ಕಿ, ಅಲ್ಲಿಂದ ಕಮಲನಗರ, ಬಸ್ಸಿನಲ್ಲಿ ಔರಾದ್, ಮಾಂಜ್ರಾ ದಾಟಿ ಸಂಜೆಗೆ ಮನೆ.

ಬೀದರ್ ಇರುವುದು ಕೆಂಪು ಮುರಕಲ್ಲಿನ ಎತ್ತರದ ಮೇಲೆ. ರೈಲು ಇಳಿಜಾರು ಹಿಡಿದಂತೆ ಕೆಂಪು ಮುಗಿದು ಕರಿನೆಲ ಬರುತ್ತದೆ. ಎರಡೂ ಬದಿ ಸೋಯಾ, ಉದ್ದು, ಹೆಸರು, ನಡುನಡುವೆ ತೊಗರಿಯ ಸಾಲು. ಡಬ್ಬಿಯಲ್ಲಿ ಕನ್ನಡ, ಮರಾಠಿ, ದಖ್ಖನಿ ಉರ್ದು ಮೂರೂ ಕಲಸಿಹೋಗಿದ್ದವು. ನಮ್ಮ ಭಾಗದಲ್ಲಿ ಒಬ್ಬನೇ ಮನುಷ್ಯ ಒಂದೇ ವಾಕ್ಯದಲ್ಲಿ ಮೂರನ್ನೂ ಆಡುತ್ತಾನೆ.

ಭಾಲ್ಕಿಯಲ್ಲಿ ಇಳಿದು ಹಿರೇಮಠಕ್ಕೆ ಹೋದೆವು. ಮಕ್ಕಳೇ, ಡಾ. ಚನ್ನಬಸವ ಪಟ್ಟದ್ದೇವರ ಹೆಸರನ್ನು ನೀವು ಪಾಠದಲ್ಲಿ ಕೇಳಿರಬಹುದು. ಹುಟ್ಟಿದ್ದು ಕಮಲನಗರದಲ್ಲಿ, ಓದಿದ್ದು ಬಾದಾಮಿ ಹತ್ತಿರದ ಶಿವಯೋಗ ಮಂದಿರದಲ್ಲಿ. ಬೀದರ್ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಡಳಿತದ ಭಾಷೆ ಉರ್ದು, ಸಾಲಿಯ ಭಾಷೆಯೂ ಉರ್ದು. ಮನೆಯಲ್ಲಿ ಕನ್ನಡ ಆಡುವ ಮಗುವಿಗೆ ಕನ್ನಡ ಅಕ್ಷರ ಕಲಿಯುವ ದಾರಿಯೇ ಇರಲಿಲ್ಲ. ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿಸಿ, ಒಳಗೆ ಕನ್ನಡ ಕಲಿಸಿದರು. ನಾನು ಚಿಕ್ಕವನಿದ್ದಾಗ ಆ ಬೋರ್ಡಿನ ಕತೆಯನ್ನು ಹಿರಿಯರು ನಗುತ್ತ ಹೇಳುತ್ತಿದ್ದರು. ಸಿಕ್ಕಿಬಿದ್ದಿದ್ದರೆ ನಗುವ ಮಾತಾಗಿರಲಿಲ್ಲ.

ಅಕ್ಷರದ ಜೊತೆಗೆ ಅನ್ನವೂ ಬೇಕಿತ್ತು. ಹಳ್ಳಿಯ ಬಡ ಹುಡುಗರು ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದರು. ಬೇರೆ ಬೇರೆ ಜಾತಿಯ ಮಕ್ಕಳು ಒಂದೇ ಪಂಕ್ತಿಯಲ್ಲಿ ಕೂತರು. ಹೆತ್ತವರು ಬಿಟ್ಟುಹೋದ ಹಸುಗೂಸುಗಳನ್ನು ಸಾಕುವ ಕೆಲಸವನ್ನೂ ಮಠ ಮುಂದೆ ಕೈಗೆತ್ತಿಕೊಂಡಿತು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರಲ್ಲಿ ಬೀದರ್ ಕನ್ನಡ ನಾಡಿಗೆ ಸೇರಿತು. ಪಟ್ಟದ್ದೇವರು ಲಿಂಗೈಕ್ಯರಾದದ್ದು 1999ರಲ್ಲಿ, ನೂರು ದಾಟಿದ ಮೇಲೆ. ಅಷ್ಟೂ ಕಾಲ ಈ ನೆಲ ಬಿಡಲಿಲ್ಲ.

“ಅಂದ್ರ ಇಲ್ಲಿ ಬೆಳೆದ ಹುಡುಗ ಮುದುಕ ಆಗಿ ಬಂದ್ರೂ ಅವರು ಇಲ್ಲೇ ಇರ್ತಿದ್ರು” ಎಂದಳು ಮೊಮ್ಮಗಳು. ನಾನು ಹಾಗೆ ಯೋಚಿಸಿರಲಿಲ್ಲ. ನಿಜವೇ.

ಕಮಲನಗರದ ರೈಲು ಕಾಯುತ್ತ ಅವಳು ತಾನು ಓದಿದ ಒಂದು ಪ್ರಯೋಗದ ಬಗ್ಗೆ ಹೇಳಿದಳು. 2000ದ ಸುಮಾರಿಗೆ ರುಮೇನಿಯಾದ ಬುಕಾರೆಸ್ಟ್‌ನಲ್ಲಿ, ಅನಾಥಾಲಯಗಳಲ್ಲಿದ್ದ 136 ಶಿಶುಗಳನ್ನು ಆರಿಸಿ, ಚೀಟಿ ಎತ್ತಿದಂತೆ ಅರ್ಧದಷ್ಟನ್ನು ಸಾಕುಮನೆಗಳಿಗೆ ಕಳಿಸಿದರಂತೆ. ಮನೆ ಸಿಕ್ಕ ಮಕ್ಕಳು, ಅದರಲ್ಲೂ ಎರಡು ವರ್ಷ ತುಂಬುವ ಮೊದಲೇ ಹೋದವರು, ಮಾತಿನಲ್ಲೂ ಬುದ್ಧಿಯಲ್ಲೂ ಮುಂದೆ ಬಂದರು. ಅಪರಿಚಿತರನ್ನು ಕಂಡಕೂಡಲೇ ಅಪ್ಪಿಕೊಳ್ಳುವುದು ಪ್ರೀತಿಯ ಲಕ್ಷಣವೇ ಆಗಿರಬೇಕಿಲ್ಲ, ತನ್ನವರು ಎಂಬುವರಿಲ್ಲದ ಮಗು ಹಾಗೆ ಮಾಡುವುದುಂಟು ಎಂಬುದನ್ನೂ ಅಲ್ಲೇ ಓದಿದಳಂತೆ. “ಅದನ್ನ ನಾ ಹೋಗೋಕಿಂತ ಮೊದಲ ಓದಬೇಕಿತ್ತು” ಎಂದಳು.

ಕಮಲನಗರದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಚಹಾ ಕುಡಿದು ಔರಾದ್ ಬಸ್ಸು ಹಿಡಿದೆವು. ಈ ದಿನದ ಮುಖ್ಯ ಮಾತು ಆ ಬಸ್ಸಿನಲ್ಲೇ ಆಯಿತು.

ನಮ್ಮ ಪಕ್ಕದ ಸೀಟಿನಲ್ಲಿ ಒಬ್ಬ ಮುದುಕಿ, ಜೊತೆಗೆ ಇಬ್ಬರು ಮೊಮ್ಮಕ್ಕಳು. ದೊಡ್ಡವನು ನಾಲ್ಕನೆಯ ಇಯತ್ತೆ. ಮಗಳು ತೀರಿಹೋಗಿ ಎರಡು ವರ್ಷವಾಯಿತಂತೆ. ಅಳಿಯ ಕೂಲಿಗೆಂದು ದೊಡ್ಡ ಊರಿಗೆ ಹೋದವನು ತಿರುಗಿ ನೋಡಿಲ್ಲ. ಕಳೆ ತೆಗೆಯುವ ಕೂಲಿಯಲ್ಲಿ ಮೂವರ ಹೊಟ್ಟೆ ನಡೆಯಬೇಕು. “ಯಾರೋ ಬಂದು, ದೊಡ್ಡವನ್ನ ಶಹರದಾಗ ಆಶ್ರಮಕ್ಕ ಹಾಕು, ಇಂಗ್ಲಿಷ್ ಕಲಿಸ್ತಾರ ಅಂತ ಹೇಳ್ಯಾರ್ರೀ” ಎಂದಳು. ಹುಡುಗ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ತಂಗಿಯ ಲಂಗದ ಚುಂಗು ಅವನ ಮುಷ್ಟಿಯಲ್ಲಿತ್ತು.

ನನ್ನ ಮೊಮ್ಮಗಳು ನನ್ನ ಕೈ ಹಿಡಿದುಕೊಂಡಳು. ನೇಪಾಳದ ಆಶ್ರಮಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಾಯಿಯೋ ತಂದೆಯೋ ಇದ್ದಾರೆ. ಓದಿಸುತ್ತೇವೆಂದು ಗುಡ್ಡಗಾಡಿನ ಹಳ್ಳಿಗಳಿಂದ ಕರೆತಂದು, ದುಡ್ಡು ಕೊಡುವ ಪರದೇಶದವರ ಮುಂದೆ ಅನಾಥರೆಂದು ನಿಲ್ಲಿಸುವವರಿದ್ದಾರೆ. 2015ರ ಭೂಕಂಪದ ನಂತರ ಯುನಿಸೆಫ್ ಈ ಬಗ್ಗೆ ಎಚ್ಚರಿಸಿತ್ತು. ಆಸ್ಟ್ರೇಲಿಯಾ ಈ ಬಗೆಯ ಸಾಗಾಟವನ್ನು ಆಧುನಿಕ ಗುಲಾಮಗಿರಿಯ ಸಾಲಿಗೆ ಸೇರಿಸಿ ಮಾತಾಡಿದೆ. ಇದನ್ನೆಲ್ಲ ಅವಳು ವಾಪಸು ಬಂದಮೇಲೆ ಓದಿದ್ದಳು.

ನಾನು ಮುದುಕಿಗೆ ತಿಳಿದಷ್ಟು ಹೇಳಿದೆ. “ತಂಗೆವ್ವ, ಹುಡುಗನ್ನ ಎಲ್ಲಿಗೂ ಕಳಿಸೋದು ಬ್ಯಾಡ. ನಿನ್ನ ಹಂತೇಕೇ ಇಟಕೊಂಡು ಓದಿಸಲಿಕ್ಕ ಸರ್ಕಾರದ ನೆರವು ಅದ.” ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇಂಥ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವವಿದೆ. ಹಳ್ಳಿಯ ಮನೆಯಾದರೆ ವರ್ಷದ ಆದಾಯ 72,000 ರೂಪಾಯಿ ಮೀರಿರಬಾರದು. ಅರ್ಜಿ ಕೊಡಬೇಕಾದದ್ದು ಬೀದರಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ನಿಮ್ಮೂರಿನಲ್ಲೂ ಅಜ್ಜ ಅಜ್ಜಿಯರೇ ಸಾಕುತ್ತಿರುವ ಮಕ್ಕಳಿರುತ್ತಾರೆ, ಅವರಿಗೂ ತಿಳಿಸಿ. ದಿಕ್ಕಿಲ್ಲದ ಮಗು ಕಣ್ಣಿಗೆ ಬಿದ್ದರೆ 1098ಕ್ಕೆ ಫೋನು ಮಾಡಬೇಕು. ಅಂಥ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕೆಂಬುದು ಕಾನೂನು. ಯಾರೋ ಬಂದು ಕಾರಿನಲ್ಲಿ ಕರೆದೊಯ್ಯುವುದಲ್ಲ.

ಮುದುಕಿ ಅರ್ಧ ನಂಬಿದಳು, ಅರ್ಧ ನಂಬಲಿಲ್ಲ. ಕಚೇರಿಗಳಿಗೆ ಅಲೆದು ಸುಸ್ತಾದವಳು, ತಪ್ಪೇನು? ಮೊಮ್ಮಗಳು ಬೇಕಾದ ಕಾಗದಗಳ ಹೆಸರನ್ನೆಲ್ಲ ಹುಡುಗನ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟಳು. ಕೆಳಗೆ ನನ್ನ ಫೋನ್ ನಂಬರು. ಹುಡುಗ ಅದನ್ನು ಗಟ್ಟಿಯಾಗಿ ಓದಿದ. ಚೆನ್ನಾಗಿ ಓದುತ್ತಾನೆ.

ಔರಾದಿನಲ್ಲಿ ಅಮರೇಶ್ವರನಿಗೆ ಕೈಮುಗಿದು ಬೀದರ್ ಬಸ್ಸು ಹತ್ತಿದೆವು. ಕೌಠಾ ಸೇತುವೆ ಬರುವ ಹೊತ್ತಿಗೆ ಮಾಂಜ್ರಾ ಕೆಂಪು ನೀರು ತುಂಬಿ ಹರಿಯುತ್ತಿತ್ತು. ಮೊಮ್ಮಗಳು ಕಿಟಕಿಯಿಂದ ನೋಡಲೇ ಇಲ್ಲ. ಮೊಬೈಲಿನಲ್ಲಿ ಏನೋ ಎಣಿಸುತ್ತಿದ್ದಳು.

ಮರುದಿನ ಗುರುವಾರ. ನನ್ನೊಂದಿಗೆ ಬಾಲಮಂದಿರಕ್ಕೆ ಬಂದು, “ನಾ ಏನು ಮಾಡಲಿ?” ಎಂದು ಅಲ್ಲಿಯ ಮೇಲ್ವಿಚಾರಕರನ್ನು ಕೇಳಿದಳು. ಅವರು ಕೇಕು ಬೇಡ, ಬಟ್ಟೆ ಬೇಡ ಎಂದರು. ಎಸ್ಸೆಸ್ಸೆಲ್ಸಿಯಲ್ಲಿರುವ ಇಬ್ಬರಿಗೆ ಇಂಗ್ಲಿಷು ಕಷ್ಟವಾಗಿದೆ, ಮಾರ್ಚ್ ಪರೀಕ್ಷೆಯವರೆಗೆ ತಪ್ಪದೆ ಬರುವುದಾದರೆ ಬರಬೇಕು, ನಡುವೆ ಬಿಡುವುದಾದರೆ ಸುರುವೇ ಮಾಡಬಾರದು ಎಂದರು. ತುಸು ಖಾರವಾಗಿಯೇ ಹೇಳಿದರು. ನನಗೆ ಹಿಡಿಸಿತು.

ಹೈದರಾಬಾದಿನಿಂದ ಹದಿನೈದು ದಿನಕ್ಕೊಮ್ಮೆ ಬರುವುದೆಂದು ಗೊತ್ತಾಯಿತು. ಗೋಡೆಯ ಕ್ಯಾಲೆಂಡರಿನಲ್ಲಿ ಮಾರ್ಚ್‌ವರೆಗಿನ ಹದಿನಾಲ್ಕು ಭಾನುವಾರಗಳಿಗೆ ಸುತ್ತು ಹಾಕಿ ಬಂದಿದ್ದಾಳೆ. ಈವರೆಗೆ ಮೂರು ಆಗಿವೆ.